ಆ ಪೆಟ್ಟಿಗೆಗೆ ಬೀಗ ಹಾಕಿದ್ದು ಯಾರು?

ನಮ್ಮ ಆಫೀಸಿನ ನಾಲ್ಕನೇ ಮಹಡಿಯಲ್ಲಿ, ಕಾಫಿ ಮಷೀನಿನ ಪಕ್ಕ, ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಇತ್ತು. ಗಾಜಿನ ಬಾಗಿಲು, ಮೇಲೆ ಹಸಿರು ಬಣ್ಣದ ಹೃದಯದ ಚಿತ್ರ, ಹೃದಯದ ನಡುವೆ ಒಂದು ಮಿಂಚಿನ ಗುರುತು. ಅದರ ಕೆಳಗೆ ಯಾರೋ ಒಂದು ಹಾಳೆ ಪ್ರಿಂಟ್ ತೆಗೆದು ಅಂಟಿಸಿದ್ದರು: 'ತರಬೇತಿ ಪಡೆದವರು ಮಾತ್ರ ಬಳಸತಕ್ಕದ್ದು. ಕೀ ಅಡ್ಮಿನ್ ಬಳಿ ಇದೆ.' ಮೂರು ವರ್ಷ ದಿನಕ್ಕೆ ಮೂರು ಸಲ ಆ ಹಾಳೆಯ ಮುಂದೆ ನಿಂತು ಕಾಫಿ ಕುಡಿದಿದ್ದೇನೆ. ಒಂದು ಸಲವಾದರೂ 'ಇದೇನು?' ಅಂತ ಕೇಳಿರಲಿಲ್ಲ.

ಹೋದ ವರ್ಷ ಒಂದು ಸಂಜೆ, ಆರೂವರೆ ಇರಬಹುದು, ಗೇಟಿನ ಆಚೆ ಕ್ಯಾಬ್ ನಿಲ್ಲುವ ಜಾಗದಲ್ಲಿ ಡ್ರೈವರ್ ಒಬ್ಬರು ಕುಸಿದರು. ಐವತ್ತರ ಆಸುಪಾಸಿನವರು. ನಾವೆಲ್ಲ 'ಅಣ್ಣ' ಅಂತಲೇ ಕರೆಯುತ್ತಿದ್ದೆವು. ಕೈಯಲ್ಲಿ ಟೀ ಲೋಟ ಹಿಡಿದು ಪಕ್ಕದವರ ಜೊತೆ ಏನೋ ನಗುತ್ತಾ ಮಾತಾಡ್ತಿದ್ದವರು ಹಾಗೇ ಬಿದ್ದುಬಿಟ್ಟರು. ಕೈಕಾಲು ಒಂದೆರಡು ಸಲ ಅದುರಿತು. 'ಫಿಟ್ಸು, ಫಿಟ್ಸು' ಅಂತ ಒಬ್ಬರು ಓಡಿ ಬಂದು ಕೈಗೆ ಕೀ ಗೊಂಚಲು ತುರುಕಿದರು. ಇನ್ನೊಬ್ಬರು ಮುಖಕ್ಕೆ ನೀರು ಎರಚಿದರು. 'ಗಾಳಿ ಬಿಡ್ರಪ್ಪಾ' ಅಂತ ಎಲ್ಲರೂ ಕೂಗಿದರು, ಯಾರೂ ಜರುಗಲಿಲ್ಲ. ಅಣ್ಣನ ಗಂಟಲಿಂದ ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಒಂದು ಸದ್ದು ಬರ್ತಿತ್ತು. 'ಉಸಿರಾಡ್ತಿದಾರೆ, ಏನೂ ಆಗಲ್ಲ, ಆಂಬುಲೆನ್ಸ್ ಬರ್ಲಿ' ಅಂತ ಒಬ್ಬ ಹೇಳಿದ. ಹಾಗೆ ಹೇಳಿದವನು ನಾನೇ.

ಆಂಬುಲೆನ್ಸ್ ಬರೋದಕ್ಕೆ ಹತ್ತೊಂಬತ್ತು ನಿಮಿಷ ಆಯ್ತು. ಅದನ್ನು ಓಡಿಸಿಕೊಂಡು ಬಂದವರದ್ದು ತಪ್ಪಲ್ಲ. ಸಂಜೆ ಆರೂವರೆಗೆ ಔಟರ್ ರಿಂಗ್ ರೋಡಿನಲ್ಲಿ ಹತ್ತೊಂಬತ್ತು ನಿಮಿಷಕ್ಕೆ ಬಂದರು ಅನ್ನೋದೇ ಪವಾಡ. ಆದರೆ ಬಂದವರು ಮುಟ್ಟಿ ನೋಡಿ ನಮ್ಮ ಮುಖ ನೋಡಿದರು, ಅಷ್ಟೇ.

ಮರುದಿನ ಬೆಳಗ್ಗೆ ಕಾಫಿ ಮಷೀನಿನ ಮುಂದೆ ನಿಂತಾಗ ಆ ಬಿಳಿ ಪೆಟ್ಟಿಗೆ ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ನಿಂತ ಜಾಗದಿಂದ ಗೇಟಿಗೆ ಲಿಫ್ಟಿನಲ್ಲಿ ಎರಡು ನಿಮಿಷದ ದಾರಿ. ಕೀ ಯಾರ ಹತ್ತಿರ ಅಂತ ಕೇಳಿದೆ. ಅಡ್ಮಿನ್ ಡ್ರಾಯರ್‌ನಲ್ಲಿ ಅಂದರು. ಅಡ್ಮಿನ್ ಆರು ಗಂಟೆಗೆ ಮನೆಗೆ ಹೋಗ್ತಾರೆ.

ಆ ಯಂತ್ರ ಬಂದಿದ್ದರೆ ಅಣ್ಣ ಉಳೀತಿದ್ದರಾ? ಖಂಡಿತ ಅಂತ ಯಾರೂ ಹೇಳಲಾರರು. ಆದರೆ ಅವರಿಗೆ ಸಿಗಬೇಕಾಗಿದ್ದ ಒಂದು ಅವಕಾಶ ನಾಲ್ಕನೇ ಮಹಡಿಯಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಆ ಬೀಗ ಯಾರು ಹಾಕಿದ್ದು, ಯಾಕೆ ಹಾಕಿದ್ದು, ಅದನ್ನು ಕಂಡೂ ಕಾಣದ ಹಾಗೆ ನಾವು ಹೇಗೆ ಇದ್ದೆವು ಅನ್ನೋದೇ ಈ ಬರಹ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಾವು ಎಲ್ಲವನ್ನೂ 'ಹಾರ್ಟ್ ಅಟ್ಯಾಕ್' ಅಂದುಬಿಡ್ತೀವಿ. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯಾಘಾತ ಅಂದ್ರೆ ಹೃದಯದ ಸ್ನಾಯುವಿಗೆ ರಕ್ತ ಹೋಗುವ ಕೊಳವೆ ಕಟ್ಟಿಕೊಳ್ಳೋದು. ಮನುಷ್ಯ ಎದೆ ಹಿಡಿದುಕೊಂಡು ಮಾತಾಡ್ತಾ ಇರ್ತಾನೆ, ಬೆವರುತ್ತಾನೆ, ಆಸ್ಪತ್ರೆಗೆ ಕರ್ಕೊಂಡು ಹೋಗುವಷ್ಟು ಸಮಯ ಸಾಮಾನ್ಯವಾಗಿ ಇರುತ್ತೆ. ಹೃದಯಸ್ತಂಭನ ಅಂದ್ರೆ ಹೃದಯ ಪಂಪ್ ಮಾಡೋದನ್ನೇ ನಿಲ್ಲಿಸೋದು. ಮನುಷ್ಯ ಕುಸಿದುಬೀಳ್ತಾನೆ, ಕರೆದರೆ ಓಗೊಡಲ್ಲ, ಸರಿಯಾಗಿ ಉಸಿರಾಡಲ್ಲ. ಹೃದಯಾಘಾತ ಸ್ತಂಭನಕ್ಕೆ ಕಾರಣ ಆಗಬಹುದು, ಬೇರೆ ಕಾರಣಗಳೂ ಇವೆ.

ಎಷ್ಟೋ ಸಲ ಈ ಸ್ತಂಭನ ಶುರುವಾಗೋದು ಹೃದಯದ ವಿದ್ಯುತ್ತಿನ ಗಲಿಬಿಲಿಯಿಂದ. ಕೆಳಗಿನ ಕೋಣೆಗಳು ಒಂದೇ ತಾಳಕ್ಕೆ ಹಿಂಡೋದು ಬಿಟ್ಟು ಪಟಪಟ ಅದುರೋಕೆ ಶುರು ಮಾಡ್ತವೆ. ಮನೆಯಲ್ಲಿ ವಿದ್ಯುತ್ ಇದೆ, ಮೋಟರ್ ಗುರ್ ಅಂತಿದೆ, ನೀರು ಮಾತ್ರ ಮೇಲಕ್ಕೆ ಏರ್ತಿಲ್ಲ, ಹಾಗೆ. ಆಗ ಹೊರಗಿನಿಂದ ಒಂದು ಅಳತೆಯ ಷಾಕ್ ಕೊಟ್ಟರೆ ಆ ಗಲಿಬಿಲಿ ಒಮ್ಮೆಗೇ ನಿಂತು, ಹೃದಯ ತನ್ನ ತಾಳವನ್ನು ತಾನೇ ಮತ್ತೆ ಹಿಡಿಯಬಹುದು. ಅದೇ ಡಿಫಿಬ್ರಿಲೇಟರ್. ಜನಸಾಮಾನ್ಯರು ಬಳಸೋಕೆ ಅಂತಲೇ ಮಾಡಿದ ಸ್ವಯಂಚಾಲಿತ ಮಾದರಿಗೆ ಎ.ಇ.ಡಿ. ಅಂತಾರೆ.

ಇಲ್ಲಿ ಎಲ್ಲಾ ಇರೋದು ಗಡಿಯಾರದಲ್ಲಿ. ಎದೆ ಒತ್ತದೆ, ಷಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತೆ. ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳೋಕೆ ಶುರು. ಹತ್ತೊಂಬತ್ತು ನಿಮಿಷ ಸುಮ್ಮನೆ ನಿಂತು ನೋಡಿದರೆ ಲೆಕ್ಕ ಏನಾಗುತ್ತೆ ಅಂತ ಹೇಳೋಕೆ ಬಿ.ಇ. ಬೇಕಾಗಿಲ್ಲ. ಬೆಂಗಳೂರಿನಲ್ಲಿ ಎಂಥಾ ಆಂಬುಲೆನ್ಸೂ ಆ ಮೊದಲ ಐದು ನಿಮಿಷದೊಳಗೆ ನಿಮ್ಮ ಹತ್ತಿರ ಇರುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಆ ಐದು ನಿಮಿಷ ಡಾಕ್ಟರದ್ದಲ್ಲ. ಪಕ್ಕದಲ್ಲಿ ನಿಂತವರದ್ದು.

ಪಕ್ಕದಲ್ಲಿ ನಿಂತವರು ಯಾರು? ನಮ್ಮ ಕಟ್ಟಡಗಳಲ್ಲಿ ಇಪ್ಪತ್ನಾಲ್ಕು ಗಂಟೆಯೂ ಇರುವವರು ಯಾರು? ಸೆಕ್ಯುರಿಟಿಯವರು. ಇದನ್ನು ಅಮೆರಿಕದ ಕ್ಯಾಸಿನೋಗಳು ನಮಗಿಂತ ಕಾಲು ಶತಮಾನ ಮೊದಲೇ ಅರ್ಥ ಮಾಡಿಕೊಂಡಿದ್ದವು. ಜೂಜುಕಟ್ಟೆಯಿಂದ ನೀತಿ ಕಲೀಬೇಕಾದ ಗತಿ ಬಂತಲ್ಲ ಅಂತ ಬೇಜಾರಾಗಬೇಡಿ. ಅಲ್ಲಿನ ಸೆಕ್ಯುರಿಟಿ ಗಾರ್ಡುಗಳಿಗೆ ಎ.ಇ.ಡಿ. ಬಳಸೋದು ಕಲಿಸಿ, ಯಂತ್ರವನ್ನು ಕೈಗೆಟುಕುವಲ್ಲಿ ಇಟ್ಟರು. ಫಲಿತಾಂಶ 2000ದಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಹೃದಯ ಹಾಗೆ ಅದುರುತ್ತಿದ್ದ 105 ಜನರಲ್ಲಿ 56 ಜನ ಆಸ್ಪತ್ರೆಯಿಂದ ಜೀವಂತವಾಗಿ ಮನೆಗೆ ಹೋದರು. ಕಣ್ಣೆದುರೇ ಕುಸಿದು, ಮೂರು ನಿಮಿಷದೊಳಗೆ ಷಾಕ್ ಸಿಕ್ಕವರಲ್ಲಿ ಉಳಿದವರು ಶೇ. 74. ಮೂರು ನಿಮಿಷ ದಾಟಿದ ಮೇಲೆ ಷಾಕ್ ಸಿಕ್ಕವರಲ್ಲಿ ಶೇ. 49. ಉಳಿಸಿದವರು ತಜ್ಞ ವೈದ್ಯರಲ್ಲ, ಬಾಗಿಲು ಕಾಯುವವರು.

'ಅವರಿಗೆ ತರಬೇತಿ ಇತ್ತಲ್ಲಾ' ಅಂತೀರಾ? ಸರಿ, ಷಿಕಾಗೋದ ವಿಮಾನ ನಿಲ್ದಾಣಗಳಿಗೆ ಬನ್ನಿ. ಅಲ್ಲಿ ಗೋಡೆಗಳ ಮೇಲೆ, ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಎ.ಇ.ಡಿ.ಗಳನ್ನು ಇಟ್ಟರು. ಎರಡು ವರ್ಷದ ಲೆಕ್ಕ 2002ರಲ್ಲಿ ಅದೇ ಪತ್ರಿಕೆಯಲ್ಲಿ ಬಂತು. ಷಾಕ್‌ಗೆ ಬಗ್ಗುವ ಸ್ಥಿತಿಯಲ್ಲಿದ್ದ 18 ಜನರಲ್ಲಿ 10 ಜನ ಒಂದು ವರ್ಷದ ನಂತರವೂ ಮೆದುಳಿಗೆ ಏನೂ ಆಗದೆ ಬದುಕಿದ್ದರು. ಜೀವ ಮರಳಿದ 11 ಪ್ರಕರಣಗಳಲ್ಲಿ 6ರಲ್ಲಿ ಯಂತ್ರ ಹಿಡಿದವರಿಗೆ ಅದರ ತರಬೇತಿಯಾಗಲಿ ಅನುಭವವಾಗಲಿ ಇರಲಿಲ್ಲ. ಅವರಲ್ಲಿ ಮೂವರು ವೈದ್ಯ ಪದವಿ ಇದ್ದವರು ಅನ್ನೋದನ್ನೂ ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ಉಳಿದವರು ನಿಮ್ಮ ನನ್ನಂಥವರು.

ಅದೂ ಸಾಲದೇ? 1999ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಎಂದೂ ಆ ಯಂತ್ರ ಮುಟ್ಟದ ಆರನೇ ಕ್ಲಾಸಿನ ಮಕ್ಕಳ ಕೈಗೆ ಎ.ಇ.ಡಿ. ಕೊಟ್ಟು, ಒಂದು ಗೊಂಬೆಯ ಮೇಲೆ ಬಳಸಿ ಅಂದರು. ಮಕ್ಕಳಿಗೆ ಸರಾಸರಿ 90 ಸೆಕೆಂಡ್ ಬೇಕಾಯಿತು. ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ವೃತ್ತಿಪರರಿಗೆ 67 ಸೆಕೆಂಡ್. ವ್ಯತ್ಯಾಸ ಬರೀ 23 ಸೆಕೆಂಡ್! ಆರನೇ ಕ್ಲಾಸಿನ ಮಗು ಮಾಡಬಲ್ಲ ಕೆಲಸಕ್ಕೆ ನಾವು 'ತರಬೇತಿ ಪಡೆದವರು ಮಾತ್ರ' ಅಂತ ಚೀಟಿ ಅಂಟಿಸಿ ಬೀಗ ಹಾಕಿದ್ದೀವಿ.

ಯಾಕಂದ್ರೆ ನಮ್ಮ ತಲೆಯಲ್ಲಿ ಡಿಫಿಬ್ರಿಲೇಟರ್ ಅಂದ್ರೆ ಸಿನಿಮಾದ ದೃಶ್ಯ. ಡಾಕ್ಟರ್ ಎರಡು ಇಸ್ತ್ರಿಪೆಟ್ಟಿಗೆಯಂಥವನ್ನು ಉಜ್ಜಿ ಎದೆ ಮೇಲೆ ಇಡ್ತಾರೆ, ಮಾನಿಟರಿನಲ್ಲಿ ನೇರ ಗೆರೆ ಓಡ್ತಿರುತ್ತೆ, ರೋಗಿ ಮಂಚದಿಂದ ಒಂದಡಿ ಮೇಲೆ ಹಾರ್ತಾನೆ. ಅಸಲಿಗೆ ಆ ನೇರ ಗೆರೆಗೆ ಷಾಕ್ ಕೊಡೋದೇ ಇಲ್ಲ, ಕೊಟ್ಟರೂ ಪ್ರಯೋಜನ ಇಲ್ಲ. ಎ.ಇ.ಡಿ. ಇಷ್ಟೇ: ಗುಂಡಿ ಒತ್ತಿದರೆ, ಕೆಲವದರಲ್ಲಿ ಮುಚ್ಚಳ ತೆರೆದರೆ ಸಾಕು, ಅದೇ ಮಾತಾಡೋಕೆ ಶುರು ಮಾಡುತ್ತೆ. ಎರಡು ಅಂಟುವ ಪ್ಯಾಡ್ ಇರ್ತವೆ. ಎಲ್ಲಿ ಅಂಟಿಸಬೇಕು ಅಂತ ಪ್ಯಾಡಿನ ಮೇಲೇ ಚಿತ್ರ ಇರುತ್ತೆ. ಒಂದು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿಂದ ಕೆಳಗೆ ಪಕ್ಕೆಗೆ. ಯಂತ್ರವೇ ಹೃದಯದ ತಾಳ ಓದುತ್ತೆ. ಷಾಕ್ ಬೇಕು ಅಂದರೆ ಮಾತ್ರ ಚಾರ್ಜ್ ಆಗುತ್ತೆ. ಎಲ್ಲರೂ ದೂರ ಸರೀರಿ, ಯಾರೂ ಮುಟ್ಟಬೇಡಿ, ಗುಂಡಿ ಒತ್ತಿ ಅನ್ನುತ್ತೆ. ಬೇಡ ಅಂದರೆ ನೀವು ಎಷ್ಟೇ ಒತ್ತಿದರೂ ಕೊಡಲ್ಲ. ಷಿಕಾಗೋದಲ್ಲಿ ಹೃದಯಸ್ತಂಭನ ಅಂತ ಸಂಶಯ ಬಂದ ನಾಲ್ಕು ಪ್ರಕರಣಗಳಲ್ಲಿ ಯಂತ್ರ ಸರಿಯಾಗಿಯೇ 'ಇದು ಷಾಕ್ ಕೊಡುವ ಕೇಸಲ್ಲ' ಅಂತ ಸುಮ್ಮನಿತ್ತು. ಮೂರ್ಛೆ ಹೋದವನಿಗೆ ತಪ್ಪಿ ಷಾಕ್ ಕೊಟ್ಟು ಕೊಂದುಬಿಡ್ತೀನೇನೋ ಅನ್ನೋ ನಿಮ್ಮ ಭಯವನ್ನು ಅದನ್ನು ಕಟ್ಟಿದ ಎಂಜಿನಿಯರುಗಳು ನಿಮಗಿಂತ ಮೊದಲೇ ಯೋಚನೆ ಮಾಡಿದ್ದಾರೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಕೆಪಾಸಿಟರ್ ಚಾರ್ಜ್ ಆಗೋದು, ಡಿಸ್ಚಾರ್ಜ್ ಆಗೋದು, ಎಲ್ಲಾ ಗ್ರಾಫ್ ಬರೆದು ಮಾರ್ಕ್ಸ್ ತಗೊಂಡವನು. ಆ ಪೆಟ್ಟಿಗೆಯೊಳಗೆ ಇರೋದು ಅದೇ ಕೆಪಾಸಿಟರ್. 1965ರಲ್ಲಿ ಬೆಲ್‌ಫಾಸ್ಟ್‌ನ ವೈದ್ಯ ಫ್ರಾಂಕ್ ಪ್ಯಾಂಟ್ರಿಡ್ಜ್ ಮೊದಲ ಸಲ ಡಿಫಿಬ್ರಿಲೇಟರನ್ನು ಆಸ್ಪತ್ರೆಯಿಂದ ಹೊರಗೆ, ಆಂಬುಲೆನ್ಸಿಗೆ ತಂದಾಗ ಅದು ಕಾರಿನ ಬ್ಯಾಟರಿಗಳಿಂದ ನಡೀತಿತ್ತು, ತೂಕ 70 ಕೆ.ಜಿ. ಇವತ್ತು ಲ್ಯಾಪ್‌ಟಾಪ್ ಬ್ಯಾಗಿನಷ್ಟು ಹಗುರ. ತಂತ್ರಜ್ಞಾನ ತನ್ನ ಕೆಲಸ ಮುಗಿಸಿ ಆಯ್ತು. ಇನ್ನು ಉಳಿದಿರೋದು ನಾವು.

ಆಮೇಲೆ ನಾನು ಆಫೀಸಿಗೆ ಮೇಲ್ ಬರೆದೆ. ಬೀಗ ತೆಗೀರಿ, ಪೆಟ್ಟಿಗೆಯನ್ನು ಗೇಟಿನ ಹತ್ತಿರ ಇಡಿ, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಡ್ರೈವರ್ ಎಲ್ಲರಿಗೂ ಕಲಿಸಿ ಅಂತ. ಬಂದ ಉತ್ತರಗಳನ್ನು ಒಂದೊಂದಾಗಿ ಹೇಳ್ತೀನಿ. ಯಾಕಂದ್ರೆ ನೀವು ಕೇಳಿದಾಗಲೂ ಇವೇ ಬರ್ತವೆ.

ಮೊದಲನೆಯದು: 'ಕಳ್ಳತನ ಆಗುತ್ತೆ.' ಬಾಗಿಲು ತೆರೆದರೆ ಕೂಗಿಕೊಳ್ಳುವ ಅಲಾರಂ ಇರುವ ಪೆಟ್ಟಿಗೆಗಳು ಸಿಗ್ತವೆ. ಮೇಲೊಂದು ಕ್ಯಾಮೆರಾ ಹಾಕಿ. ಬೆಂಕಿ ಆರಿಸುವ ಸಿಲಿಂಡರನ್ನು ಯಾವತ್ತಾದರೂ ಬೀಗ ಹಾಕಿ ಕೀ ಡ್ರಾಯರ್‌ನಲ್ಲಿ ಇಟ್ಟಿದ್ದೀರಾ? ಕಟ್ಟಡಕ್ಕೆ ಬೆಂಕಿ ಬಿದ್ದರೆ ಯಾರು ಬೇಕಾದರೂ ಸಿಲಿಂಡರ್ ಎತ್ತಬಹುದು, ಮನುಷ್ಯ ಬಿದ್ದರೆ ಮಾತ್ರ ಅಡ್ಮಿನ್ ಬರಬೇಕಾ?

ಎರಡನೆಯದು: 'ಲೀಗಲ್ ಸಮಸ್ಯೆ ಆಗುತ್ತೆ. ಆ ಮನುಷ್ಯ ಸತ್ತರೆ ಯಾರು ಹೊಣೆ?' ನೋಡಿ, ಹೃದಯ ನಿಂತವನು ಆಗಲೇ ಸಾವಿನ ಬಾಯಲ್ಲಿದ್ದಾನೆ. ಅವನನ್ನು ನೀವು ಇನ್ನೂ ಕೆಟ್ಟ ಸ್ಥಿತಿಗೆ ತಳ್ಳೋಕೆ ಆಗಲ್ಲ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವನ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಹಳೇ ದಂಡಸಂಹಿತೆಯ ಸೆಕ್ಷನ್ 92ರಲ್ಲೇ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 30. ರಸ್ತೆ ಅಪಘಾತದಲ್ಲಿ ನೆರವಾದವರ ರಕ್ಷಣೆಗೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134-ಎ ಸೇರಿತು. ಹೃದಯ ನಿಂತವರಿಗೆ ನೆರವಾಗುವವರನ್ನೂ ಅಷ್ಟೇ ಸ್ಪಷ್ಟವಾಗಿ, ಎ.ಇ.ಡಿ. ಅಂತ ಹೆಸರಿಟ್ಟು ಕಾಪಾಡುವ ಮಾತು ಕಾನೂನಿನಲ್ಲಿ ಬರಲಿ ಅಂತ ಕೇಳೋಣ. ಕೇಳಲೇಬೇಕು. ಆದರೆ ಅದು ಬರೋವರೆಗೆ ಬೀಗ ಇರಲಿ ಅನ್ನೋದು ಕಾನೂನಿನ ಭಯ ಅಲ್ಲ, ಕಾನೂನಿನ ನೆಪ.

ಮೂರನೆಯದು: 'ದುಡ್ಡು.' ಒಂದು ಎ.ಇ.ಡಿ.ಗೆ ಲಕ್ಷದ ಆಸುಪಾಸು ಆಗುತ್ತೆ. ಕಡಿಮೆ ದುಡ್ಡಲ್ಲ. ಆದರೆ ಇನ್ನೂರು ಫ್ಲ್ಯಾಟಿನ ಅಪಾರ್ಟ್‌ಮೆಂಟಿನಲ್ಲಿ ಹಂಚಿದರೆ ಮನೆಗೆ ಐನೂರು ರೂಪಾಯಿ. ಒಂದು ಭಾನುವಾರ ಇಬ್ಬರು ಬಿರಿಯಾನಿ ತರಿಸಿಕೊಂಡ ಖರ್ಚು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಪ್ಯಾಡ್, ನಾಲ್ಕೈದು ವರ್ಷಕ್ಕೊಮ್ಮೆ ಬ್ಯಾಟರಿ. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಜಿಮ್ಮಿಗೆ ಎರಡನೇ ಟ್ರೆಡ್‌ಮಿಲ್ ತರೋಕೆ ಹತ್ತು ನಿಮಿಷದಲ್ಲಿ ಕೈ ಎತ್ತಿದವರು, ಆ ಟ್ರೆಡ್‌ಮಿಲ್ ಮೇಲೆ ಯಾರಾದರೂ ಬಿದ್ದರೆ ಬೇಕಾಗುವ ಯಂತ್ರದ ಮಾತು ಬಂದಾಗ 'ಅಪಶಕುನ ಯಾಕೆ ಮಾತಾಡ್ತೀರಿ' ಅಂದರು.

ನಾಲ್ಕನೆಯ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಒಬ್ಬ ಡಾಕ್ಟರ್ ಗೆಳೆಯ ಹೇಳಿದ: 'ಲೋ, ಬಹುಪಾಲು ಹೃದಯಸ್ತಂಭನ ಆಗೋದು ಮನೆಯಲ್ಲಿ, ಮಾಲ್‌ನಲ್ಲಿ ಅಲ್ಲ. ಜನಕ್ಕೆ ಎದೆ ಒತ್ತೋದೇ ಗೊತ್ತಿಲ್ಲ. ಮೊದಲು ಸಿ.ಪಿ.ಆರ್. ಕಲಿಸ್ರೋ, ಯಂತ್ರ ಆಮೇಲೆ.' ಅವನ ಮಾತು ನಿಜ. ಯಂತ್ರ ಬರೋವರೆಗೂ ಮೆದುಳಿಗೆ ರಕ್ತ ಹರಿಸೋದು ಎದೆ ಒತ್ತುವ ಎರಡು ಕೈಗಳೇ. ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಬಾಯಿ ಇಟ್ಟು ಊದೋಕೆ ಹಿಂಜರಿಕೆ ಇದ್ದರೆ ಬರೀ ಒತ್ತಿದರೂ ಆಯ್ತು. ಭಾರತೀಯ ಅರಿವಳಿಕೆ ತಜ್ಞರ ಸಂಘ ಜನಸಾಮಾನ್ಯರಿಗೆ ಅಂತ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೇಳೋದೂ ಅದನ್ನೇ, ಬರೀ ಎದೆ ಒತ್ತಿ ಅಂತ. ಆದರೆ ಗೆಳೆಯನಿಗೆ ನನ್ನ ಉತ್ತರ: ಒತ್ತುವ ಕೈ ಸಮಯ ಕೊಂಡುಕೊಡುತ್ತೆ, ಅದುರುವ ಹೃದಯವನ್ನು ನಿಲ್ಲಿಸಿ ತಾಳಕ್ಕೆ ತರೋದು ಷಾಕ್. ಎರಡನ್ನೂ ಒಂದರ ಮೇಲೊಂದು ಎತ್ತಿಕಟ್ಟೋದು ಬೇಡ. ಎರಡನ್ನೂ ಒಂದೇ ದಿನ, ಒಂದೇ ತಾಸಿನಲ್ಲಿ ಕಲಿಸಬಹುದು. ಇನ್ನು ಮನೆ ಅಂದ್ಯಲ್ಲ, ಬೆಂಗಳೂರಿನಲ್ಲಿ ನಮ್ಮಂಥವರ ಮನೆ ಅಂದ್ರೆ ಲಿಫ್ಟಿನ ಕೆಳಗೆ ಸೆಕ್ಯುರಿಟಿ ಕೂತಿರೋ ಕಟ್ಟಡ. ಸಿಂಗಪುರದಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳ ಲಿಫ್ಟಿನ ಪಕ್ಕ ಎ.ಇ.ಡಿ. ಇಟ್ಟಿದ್ದು ಇದಕ್ಕೇ.

ಡೆನ್ಮಾರ್ಕ್ ಏನು ಮಾಡಿತು ನೋಡಿ. 2005ರಿಂದ ಶಾಲೆಯಲ್ಲಿ, 2006ರಿಂದ ಡ್ರೈವಿಂಗ್ ಲೈಸೆನ್ಸಿಗೆ ಈ ತರಬೇತಿ ಕಡ್ಡಾಯ ಮಾಡಿತು, ಜೊತೆಗೆ ಸಾರ್ವಜನಿಕ ಜಾಗಗಳಲ್ಲಿ ಎ.ಇ.ಡಿ.ಗಳೂ ಹೆಚ್ಚಿದವು. 2001ರಲ್ಲಿ ಪಕ್ಕದವರು ಎದೆ ಒತ್ತುತ್ತಿದ್ದದ್ದು ಶೇ. 21 ಪ್ರಕರಣಗಳಲ್ಲಿ. 2010ಕ್ಕೆ ಅದು ಶೇ. 45 ಆಯ್ತು. ಮೂವತ್ತು ದಿನ ದಾಟಿ ಬದುಕಿದವರು ಶೇ. 3.5ರಿಂದ 10.8ಕ್ಕೆ ಏರಿದರು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಕ್ರಿಶ್ಚಿಯನ್ ಎರಿಕ್ಸನ್ ಆಟದ ನಡುವೆ ಕುಸಿದದ್ದು ನಿಮ್ಮಲ್ಲಿ ಎಷ್ಟೋ ಜನ ಲೈವ್ ನೋಡಿದ್ದೀರಿ. ಮೈದಾನದಲ್ಲೇ ಎದೆ ಒತ್ತಿದರು, ಷಾಕ್ ಕೊಟ್ಟರು, ಎಚ್ಚರವಾಯಿತು. ಮರುವರ್ಷ ಆತ ಪ್ರೀಮಿಯರ್ ಲೀಗ್‌ನಲ್ಲಿ ಆಡುತ್ತಿದ್ದ. ಅಲ್ಲಿ ವೈದ್ಯರ ತಂಡವೇ ಇತ್ತು, ಒಪ್ಪಿದೆ. ಆದರೆ ಅವರೂ ಯಂತ್ರವನ್ನು ಬೀಗದೊಳಗೆ ಇಟ್ಟು ಬಂದಿದ್ದರೆ?

ಈಗ ನಮ್ಮ ಕಡೆಗೆ ಬರ್ತೀನಿ. ನಮ್ಮೂರು ಅರಸೀಕೆರೆ ಹತ್ತಿರ, ಹಾಸನ ಜಿಲ್ಲೆ. 2025ರ ಜೂನ್, ಜುಲೈ ನೆನಪಿದೆಯಲ್ಲ? ದಿನ ಬೆಳಗಾದರೆ ಟಿವಿಯಲ್ಲಿ 'ಹಾಸನದಲ್ಲಿ ಮತ್ತೊಂದು ಬಲಿ'. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗಿನ ಜಾವದಿಂದ ಸಾಲು. ವಾಟ್ಸಾಪಿನಲ್ಲಿ ಲಸಿಕೆಯೇ ಕಾರಣ ಅನ್ನೋ ಗುಲ್ಲು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅವರು ಲೆಕ್ಕ ಹಾಕಿ ನೋಡಿದಾಗ ಎದ್ದು ಕಂಡದ್ದು ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕು, ಬೊಜ್ಜು, ಇಂಥ ಹಳೇ ವೈರಿಗಳೇ. ಆ ದಿನಗಳಲ್ಲಿ ನಮ್ಮಮ್ಮ ದಿನಾ ಫೋನ್ ಮಾಡೋರು. 'ಹುಷಾರು ಕಣಪ್ಪಾ. ಆ ಜಿಮ್ಮು ಗಿಮ್ಮು ಬಿಟ್ಬಿಡು. ಒಂದ್ಸಲ ಈಸಿಜಿ ತೆಗಿಸ್ಕೊ.' ತೆಗೆಸಿಕೊಂಡೆ. ನೀವೂ ತೆಗೆಸಿಕೊಂಡಿರ್ತೀರಿ. ತಪ್ಪಲ್ಲ. ಆದರೆ ಒಂದು ಮಾತು: ಅಷ್ಟು ಜನ ಅಷ್ಟು ಹೊತ್ತು ಸಾಲಿನಲ್ಲಿ ನಿಂತರಲ್ಲ, ತನ್ನ ಹೃದಯ ಸರಿ ಇದೆಯಾ ಅಂತ ನೋಡಿಕೊಳ್ಳೋಕೆ. ಪಕ್ಕದವನ ಹೃದಯ ನಿಂತರೆ ಏನು ಮಾಡಬೇಕು ಅಂತ ಕಲಿಯೋಕೆ ಎಲ್ಲಾದರೂ ಒಂದು ಸಾಲು ಕಂಡಿರಾ?

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳೋದು ಸುಳ್ಳಾಗುತ್ತೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಈಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಅದರ ಲಾಭ ಸಿಗೋದು ಆಸ್ಪತ್ರೆ ಬಾಗಿಲಿಗೆ ಜೀವ ಹಿಡಿದುಕೊಂಡು ತಲುಪಿದವರಿಗೆ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಡೈರಿ ಮುಂದೆ ಹಾಲಿನ ಕ್ಯಾನ್ ಇಳಿಸಿ ಅಲ್ಲೇ ಬಿದ್ದವನಿಗೆ ಆ ಬಾಗಿಲು ತುಂಬಾ ದೂರ.

ನಮ್ಮ ದೊಡ್ಡಪ್ಪ ಹೋಗಿದ್ದು ಹಾಗೇ. ನಾನಾಗ ಎಂಟನೇ ಕ್ಲಾಸು. ಜಗುಲಿಯಲ್ಲಿ ತೆಂಗಿನಕಾಯಿ ಸುಲೀತಾ ಇದ್ದವರು ಪಕ್ಕಕ್ಕೆ ವಾಲಿದರು. ಅದೇ ಗೊರಗೊರ ಸದ್ದು. 'ಕೊನೇ ಉಸಿರು ಎಳೀತಾವ್ರೆ' ಅಂದರು ಯಾರೋ. ದೊಡ್ಡಮ್ಮ ದೇವರ ಮನೆಯಿಂದ ತುಳಸಿ ನೀರು ತಂದು ಬಾಯಿಗೆ ಬಿಟ್ಟರು. ಎಲ್ಲರೂ ಸುತ್ತ ನಿಂತು ಕೈ ಮುಗಿದೆವು. ಹದಿನೈದು ವರ್ಷ ಕಳೆದ ಮೇಲೆ ನನಗೆ ಗೊತ್ತಾಯ್ತು, ಆ ಸದ್ದು ಉಸಿರೂ ಅಲ್ಲ, ವಿದಾಯವೂ ಅಲ್ಲ ಅಂತ. ಹೃದಯ ಈಗ ತಾನೇ ನಿಂತಿದೆ, ಮೆದುಳು ಇನ್ನೂ ಸತ್ತಿಲ್ಲ ಅನ್ನೋದರ ಗುರುತು ಅದು. ಕೈ ಮುಗಿಯುವ ಹೊತ್ತಲ್ಲ, ಕೈ ಹಚ್ಚುವ ಹೊತ್ತು. ದೊಡ್ಡಮ್ಮನನ್ನು ನಾನು ದೂರಲ್ಲ, ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತು, ಕೈಯಲ್ಲಿ ಫೋನ್ ಹಿಡಿದು, ಅದೇ ಸದ್ದು ಕೇಳಿ 'ಉಸಿರಾಡ್ತಿದಾರೆ' ಅಂದ ನನಗೆ ಯಾವ ನೆಪ ಇದೆ?

ಮೂರು ಸಲ ಮೇಲ್ ಬರೆದ ಮೇಲೆ ಆಫೀಸಿನಲ್ಲಿ ಒಂದು ತರಬೇತಿ ಇಟ್ಟರು. ನೆಲದ ಮೇಲೆ ರಬ್ಬರ್ ಗೊಂಬೆ, ಪಕ್ಕದಲ್ಲಿ ಕಲಿಯೋಕೆ ಅಂತಲೇ ಇರುವ ಎ.ಇ.ಡಿ. ನಾವು ಲ್ಯಾಪ್‌ಟಾಪಿನವರು ನಗ್ತಾ ಫೋಟೋ ತೆಗೆಸಿಕೊಂಡೆವು. ಸೆಕ್ಯುರಿಟಿಯವರ ಸರದಿ ಬಂದಾಗ ರಾತ್ರಿ ಪಾಳಿಯ ಒಬ್ಬರು ಮಂಡಿಯೂರಿ ಕೂತು, ಕೈ ಇಡದೆ ತಲೆ ಎತ್ತಿ ಕೇಳಿದರು: 'ಸಾರ್, ಸಾಹೇಬ್ರುಗಳು ಬಿದ್ರೆ ನಾವು ಮುಟ್ಟಬೌದಾ? ಮೇಡಂನೋರು ಬಿದ್ರೆ? ನಾಳೆ ಏನಾರಾ ಆದ್ರೆ ನಮ್ಮ ಕೆಲ್ಸ ಹೋಗಲ್ವಾ?'

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಲ್ಲಿವರೆಗೆ ಬೀಗ ಪೆಟ್ಟಿಗೆಗೆ ಇದೆ ಅಂದ್ಕೊಂಡಿದ್ದೆ. ಅಸಲಿ ಬೀಗ ಅವರ ಕೈಗೆ ಹಾಕಿತ್ತು, ಹಾಕಿದವರು ನಾವು. ಲಿಫ್ಟಿನಲ್ಲಿ ಜೊತೆಗೆ ಬರಬೇಡಿ ಅಂದವರು ನಾವು. ನಮ್ಮ ಟಾಯ್ಲೆಟ್ ಬಳಸಬೇಡಿ ಅಂತ ಬೋರ್ಡ್ ಹಾಕಿದವರು ನಾವು. ದಿನಾ ಬೆಳಗ್ಗೆ ಸಲಾಮು ಹೊಡೆಸಿಕೊಂಡು ಮುಖ ನೋಡದೆ ಒಳಗೆ ಹೋಗುವವರು ನಾವು. ಇಷ್ಟೆಲ್ಲಾ ದೂರ ಇಟ್ಟು, ನಮ್ಮ ಹೃದಯ ನಿಂತ ದಿನ ಮಾತ್ರ ಅವರು ಅಂಗಿ ಹರಿದು ಎದೆ ಮೇಲೆ ಕೈ ಇಡಬೇಕು! ಹೆಂಗಸರ ವಿಷಯದಲ್ಲಿ ಈ ಹಿಂಜರಿಕೆ ಇನ್ನೂ ಜಾಸ್ತಿ. ಪ್ಯಾಡ್ ಅಂಟೋದು ಬರೀ ಚರ್ಮಕ್ಕೆ. ರವಿಕೆ ಕತ್ತರಿಸಲೇಬೇಕು, ಸರ ಪಕ್ಕಕ್ಕೆ ಸರಿಸಲೇಬೇಕು. ಅಂಟಿಸಿದ ಮೇಲೆ ಮೇಲೊಂದು ಶಾಲು ಹೊದಿಸಬಹುದು. ಮಾನ ಉಳಿಸ್ತೀನಿ ಅಂತ ಪ್ರಾಣ ಬಿಡಿಸಬೇಡಿ. ಇದನ್ನು ಮನೆಯಲ್ಲಿ ಹೆಂಡತಿ, ಅಮ್ಮ, ಅಕ್ಕತಂಗಿಯರ ಜೊತೆ ಇವತ್ತೇ ಮಾತಾಡಿಕೊಳ್ಳಿ. ಬಿದ್ದ ದಿನ ಯಾರೂ ಒಪ್ಪಿಗೆ ಕೇಳೋಕಾಗಲ್ಲ.

ಅಂದು ಆ ಗಾರ್ಡಿಗೆ ತರಬೇತಿ ಕೊಡುವ ಡಾಕ್ಟರ್ ಹೇಳಿದರು, 'ಮುಟ್ಟಬಹುದು ಅಲ್ಲ, ಮುಟ್ಟಲೇಬೇಕು.' ಆ ಮಾತು ಡಾಕ್ಟರ್ ಹೇಳಿದರೆ ಸಾಲದು. ಕಂಪನಿ ಹೇಳಬೇಕು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಹೇಳಬೇಕು. ಕಾಗದದ ಮೇಲೆ, ಸಹಿ ಮಾಡಿ, ಕನ್ನಡದಲ್ಲಿ ಬರೆದು ಗಾರ್ಡಿನ ಕೈಗೆ ಕೊಡಬೇಕು: ಇಲ್ಲಿ ಯಾರೇ ಬಿದ್ದರೂ ನೀವು ಮುಟ್ಟಬಹುದು, ಅಂಗಿ ಕತ್ತರಿಸಬಹುದು, ಷಾಕ್ ಕೊಡಬಹುದು. ಉಳಿಯದಿದ್ದರೂ ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ಇದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಒಂದು ಹಾಳೆ ಸಾಕು. ಮೊದಲು ಅಂಟಿಸಿದ್ದ ಹಾಳೆ ಕಿತ್ತು ಅದೇ ಜಾಗಕ್ಕೆ ಇದನ್ನು ಅಂಟಿಸಿದರಾಯ್ತು.

ನಮ್ಮ ಪೆಟ್ಟಿಗೆ ಈಗ ಗೇಟಿನ ಸೆಕ್ಯುರಿಟಿ ಕ್ಯಾಬಿನ್ನಿಗೆ ಬಂದಿದೆ. ಬೀಗ ಇಲ್ಲ. ಹಸಿರು ದೀಪ ಮಿನುಗುತ್ತಿದೆಯಾ ಅಂತ ಪ್ರತಿ ಪಾಳಿಯವರೂ ನೋಡಿ ರಿಜಿಸ್ಟರಿನಲ್ಲಿ ಬರೀತಾರೆ. ಆದರೆ ಆ ಹಾಳೆಗೆ ಸಹಿ ಇನ್ನೂ ಬಿದ್ದಿಲ್ಲ. ಲೀಗಲ್ ಟೀಮ್ 'ನೋಡ್ತಿದೆ'. ನಾನು ನಾಲ್ಕನೇ ಮೇಲ್ ಬರೆಯುತ್ತಿದ್ದೇನೆ.

ನಿಮ್ಮದೊಂದು ಕೆಲಸ ಇದೆ. ಸೋಮವಾರ ಆಫೀಸಿಗೆ ಹೋದ ತಕ್ಷಣ, ಕಾಫಿಗೂ ಮುಂಚೆ, ಎ.ಇ.ಡಿ. ಎಲ್ಲಿದೆ ಅಂತ ಕೇಳಿ. ಇದ್ದರೆ ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ನಿಮ್ಮ ಕುರ್ಚಿಯಿಂದ ಅಲ್ಲಿಗೆ ನಡೆದು ಹೋಗಿ ವಾಪಸ್ ಬನ್ನಿ. ಸಂಜೆ ಮನೆಗೆ ಹೋಗುವಾಗ ಗೇಟಿನ ಆಚೆ ಕ್ಯಾಬ್ ನಿಲ್ಲುವ ಜಾಗದಿಂದಲೂ ಅದೇ ಲೆಕ್ಕ ಮಾಡಿ. ಮೂರು ನಿಮಿಷಕ್ಕಿಂತ ಜಾಸ್ತಿ ಬಂದರೆ, ಅಥವಾ ದಾರಿಯಲ್ಲಿ ಒಂದು ಬೀಗ ಸಿಕ್ಕರೆ, ಆ ಸಂಖ್ಯೆಯನ್ನೇ ಸಬ್ಜೆಕ್ಟ್ ಲೈನಿನಲ್ಲಿ ಹಾಕಿ ಮೇಲ್ ಬರೆಯಿರಿ.

ಒಂದಕ್ಕೆ ಉತ್ತರ ಬರದಿದ್ದರೆ ಇನ್ನೊಂದು ಬರೆಯಿರಿ.